ಪಕ್ಕದೂರಲ್ಲಿ ಹುಟ್ಟಿದ ಪದ

ಎರಡು ವರ್ಷದ ಹಿಂದಿನ ಮಾತು. ಕೇರ್ ಅಸಿಸ್ಟೆಂಟ್ ಕೆಲಸಕ್ಕೆ ಅಂತ ಐರ್ಲೆಂಡಿಗೆ ಬಂದ ನಮ್ಮಂಥವರು ಲೆವೆಲ್ 5 ಸರ್ಟಿಫಿಕೇಟ್ ಮಾಡಿಕೊಳ್ಳಬೇಕಾಗುತ್ತೆ, ಅದು ನಿಮಗೆ ಗೊತ್ತಿರೋದೇ. ಅದರಲ್ಲಿ ಕಮ್ಯುನಿಕೇಷನ್ಸ್ ಅಂತ ಒಂದು ಪಾಠ. ನೈಟ್ ಡ್ಯೂಟಿ ಮುಗಿಸಿ ಕಣ್ಣು ಉರಿಯುತ್ತಿರುವಾಗ ಆ ಕ್ಲಾಸಿನಲ್ಲಿ ಕೂರಬೇಕು. ಒಂದು ದಿನ ನಮ್ಮ ಟೀಚರಮ್ಮ ಬೋರ್ಡಿನ ಮೇಲೆ ಹತ್ತು ಕಷ್ಟದ ಪದ ಬರೆದು, ಒಂದೊಂದನ್ನೂ ಸ್ವಂತ ವಾಕ್ಯದಲ್ಲಿ ಸರಿಯಾಗಿ ಬಳಸಿ ತನ್ನಿ ಅಂದರು. ಮೂರನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ‘ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ’ ಅಂತ ಕೊಡುತ್ತಿದ್ದರಲ್ಲ, ಅದೇ.

ಹತ್ತರಲ್ಲಿ ಒಂದು ಪದ ‘ಆಸ್ಟ್ರಸೈಸ್’. ನಾನು ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಸ್ಟ್ರಿಚ್ ಹಕ್ಕಿಗೆ ಸಂಬಂಧಪಟ್ಟದ್ದು ಇರಬೇಕು ಅಂದುಕೊಂಡೆ. ಫೋನಿನಲ್ಲಿ ನೋಡಿದರೆ ಕನ್ನಡದಲ್ಲಿ ‘ಬಹಿಷ್ಕರಿಸು’ ಅಂತ ಇತ್ತು. ಓಹೋ, ಇಷ್ಟೇನಾ ಅಂದುಕೊಂಡು ವಾಕ್ಯ ಬರೆದೆ: ‘ನನಗೆ ಶುಗರ್ ಬಂದ ಮೇಲೆ ಡಾಕ್ಟರು ಸಕ್ಕರೆಯನ್ನು ಆಸ್ಟ್ರಸೈಸ್ ಮಾಡಲು ಹೇಳಿದರು.’

ಟೀಚರಮ್ಮ ಓದಿ ನಕ್ಕರು. ಒಳ್ಳೆಯ ನಗುವೇ. ಸಕ್ಕರೆಯನ್ನು ಯಾರೂ ಆಸ್ಟ್ರಸೈಸ್ ಮಾಡೋದಿಲ್ಲ, ಮನುಷ್ಯರನ್ನು ಮಾತ್ರ ಮಾಡ್ತಾರೆ, ಸಕ್ಕರೆಯನ್ನು ಬೇಕಿದ್ದರೆ ಬಾಯ್ಕಾಟ್ ಮಾಡಬಹುದು ಅಂದರು. ಆಮೇಲೆ, ಬಾಯ್ಕಾಟ್ ಅನ್ನೋ ಪದ ಇಲ್ಲಿಂದ ಮುಕ್ಕಾಲು ಗಂಟೆ ದಾರಿಯಲ್ಲಿ ಹುಟ್ಟಿದ್ದು, ಅದು ಒಬ್ಬ ಮನುಷ್ಯನ ಹೆಸರು, ಗೊತ್ತಾ ಅಂತ ಕೇಳಿದರು. ಗೊತ್ತಿರಲಿಲ್ಲ. ಬಂದ್, ಬಾಯ್ಕಾಟ್, ಧರಣಿ, ಘೇರಾವ್ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾ ಬೆಳೆದವನು ನಾನು. ಬಾಯ್ಕಾಟ್ ಅಂದರೆ ‘ಬಾಯಿ ಕಟ್ಟು’ ಅನ್ನೋದರಿಂದ ಬಂದಿರಬೇಕು ಅಂತ ಚಿಕ್ಕಂದಿನಲ್ಲಿ ನಂಬಿದ್ದೆ ಕೂಡ.

ಅವತ್ತಿನಿಂದ ಈ ಪದದ ಹಿಂದೆ ಬಿದ್ದೆ. ರಜೆ ಸಿಕ್ಕಾಗ ಲೈಬ್ರರಿಗೆ ಹೋಗಿ ಓದಿದೆ, ನಮ್ಮ ನರ್ಸಿಂಗ್ ಹೋಮಿನ ಹಿರಿಯರ ಹತ್ತಿರ ಕೇಳಿದೆ, ಬಾಲಿನ್‌ರೋಬ್‌ಗೂ ಹೋಗಿಬಂದೆ. ಓದುತ್ತಾ ಹೋದ ಹಾಗೆ ಇದು ನಮ್ಮ ಮನೆಯ ಕಥೆಯೂ ಹೌದು ಅಂತ ಗೊತ್ತಾಯಿತು. ಅದಕ್ಕೇ ಈ ಸಂಚಿಕೆಗೆ ಇದನ್ನೇ ಬರೆಯುತ್ತಿದ್ದೇನೆ.

ಮೇಯೋ ಕೌಂಟಿ ನಿಮಗೆ ಗೊತ್ತು. ಹಸಿರು ಇದೆ, ಕುರಿ ಇದೆ, ಕಲ್ಲಿನ ಗೋಡೆ ಇದೆ, ಮಳೆಯಂತೂ ನಮ್ಮ ಆಗುಂಬೆಗೆ ಸಾಟಿ ಅನ್ನಿಸುವಷ್ಟು ದಿನ ಇದೆ. 1880ರಲ್ಲಿ ಇಲ್ಲಿನ ಭೂಮಿ ಇಲ್ಲಿ ಉಳುವವರದಾಗಿರಲಿಲ್ಲ. ದೊಡ್ಡ ಒಡೆಯರು ಬೇರೆಲ್ಲೋ ಇರುತ್ತಿದ್ದರು, ಊರಿನಲ್ಲಿ ಅವರ ಏಜೆಂಟ್ ಇರುತ್ತಿದ್ದ, ರೈತರು ವರ್ಷ ವರ್ಷ ಗೇಣಿ ಕಟ್ಟುತ್ತಿದ್ದರು. ಕಟ್ಟದಿದ್ದರೆ ನೋಟೀಸು, ಆಮೇಲೆ ಮನೆಯಿಂದ ಹೊರಗೆ. ಸಿದ್ದಾಪುರ ಸೀಮೆಯವನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಜ್ಜನೂ ಗೇಣಿ ಒಕ್ಕಲೇ.

1845ರಿಂದ ಶುರುವಾದ ದೊಡ್ಡ ಬರಗಾಲದಲ್ಲಿ ಆಲೂಗಡ್ಡೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತಿದ್ದು ಇಲ್ಲಿನ ಯಾರೂ ಮರೆತಿಲ್ಲ. 1879ರಲ್ಲಿ ಮತ್ತೆ ಬೆಳೆ ಹೋಯಿತು. ಈ ಸಲ ಜನ ಸುಮ್ಮನೆ ಸಾಯಲಿಲ್ಲ, ಸಂಘ ಕಟ್ಟಿದರು. ಆ ವರ್ಷ ಆಗಸ್ಟಿನಲ್ಲಿ ಕ್ಯಾಸಲ್‌ಬಾರ್‌ನಲ್ಲಿ ಮೇಯೋ ಲ್ಯಾಂಡ್ ಲೀಗ್, ಅಕ್ಟೋಬರಿನಲ್ಲಿ ಡಬ್ಲಿನ್‌ನಲ್ಲಿ ಇಡೀ ದೇಶದ ಲ್ಯಾಂಡ್ ಲೀಗ್ ಆಯಿತು. ಅದರ ಹಿಂದಿದ್ದವನು ಮೈಕೆಲ್ ಡ್ಯಾವಿಟ್. ಇವನ ಬಗ್ಗೆ ನಮ್ಮವರು ತಿಳಿದುಕೊಳ್ಳಬೇಕು. ಮೇಯೋದ ಸ್ಟ್ರೇಡ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದವನು. ಗೇಣಿ ಕಟ್ಟಲಾಗದೆ ಮನೆಯಿಂದ ಹೊರದಬ್ಬಿಸಿಕೊಂಡು, ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿನ ಲ್ಯಾಂಕಾಶೈರ್‌ಗೆ ಗುಳೆ ಹೋದ ಮನೆತನದ ಹುಡುಗ. ಹನ್ನೊಂದನೇ ವಯಸ್ಸಿಗೆ ಹತ್ತಿ ಗಿರಣಿಯ ಯಂತ್ರಕ್ಕೆ ಸಿಕ್ಕು ಬಲಗೈ ಹೋಯಿತು. ವಲಸೆ ಕಾರ್ಮಿಕ ಅಂದರೆ ಏನು ಅಂತ ಮೈಯಲ್ಲೇ ಬರೆಸಿಕೊಂಡು ಬಂದವನು.

ಈಗ ಬಾಯ್ಕಾಟ್. ಪೂರ್ತಿ ಹೆಸರು ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್. ಇಂಗ್ಲೆಂಡಿನ ನಾರ್ಫೋಕ್‌ನವನು, 1832ರಲ್ಲಿ ಹುಟ್ಟಿದವನು. ಸ್ವಲ್ಪ ಕಾಲ ಸೈನ್ಯದಲ್ಲಿದ್ದ, ಆಮೇಲೆ ಹಲವು ವರ್ಷ ಆಕಿಲ್ ದ್ವೀಪದಲ್ಲಿ ಬೇಸಾಯ ಮಾಡಿದ. ಕೊನೆಗೆ ಬಾಲಿನ್‌ರೋಬ್ ಹತ್ತಿರ ಲಾಕ್ ಮಾಸ್ಕ್ ಎಂಬ ದೊಡ್ಡ ಕೆರೆಯ ದಡದ ಮನೆಗೆ ಬಂದು, ಲಾರ್ಡ್ ಅರ್ನ್ ಎಂಬ ಒಡೆಯನ ಏಜೆಂಟ್ ಆದ. ತಾನೂ ನೂರಾರು ಎಕರೆ ಮಾಡಿಸುತ್ತಿದ್ದ. ಒಡೆಯ ಇದ್ದದ್ದು ದೂರದ ಫರ್ಮಾನಾ ಕೌಂಟಿಯಲ್ಲಿ. ಬಾಯ್ಕಾಟ್ ರಾಕ್ಷಸನೇನಲ್ಲ, ಬಿಗಿ ಮನುಷ್ಯ ಅಷ್ಟೆ. ನಾನು ಓದಿದ ಮಟ್ಟಿಗೆ, ಗಲ್ಫ್‌ನಲ್ಲಿ ನಾವು ನೋಡಿದ ಎಷ್ಟೋ ಸೂಪರ್‌ವೈಸರ್‌ಗಳಿಗಿಂತ ಕೆಟ್ಟವನೇನೂ ಆಗಿರಲಿಲ್ಲ.

1880ರಲ್ಲಿ ಒಡೆಯ ಗೇಣಿಯಲ್ಲಿ ನೂರಕ್ಕೆ 10 ಬಿಡುತ್ತೇನೆ ಅಂದ. ರೈತರು 25 ಬಿಡಿ ಅಂದರು. ಆಗಲ್ಲ ಅಂದ. ಬಾಯ್ಕಾಟ್ ಹನ್ನೊಂದು ಜನರ ಮೇಲೆ ತೆರವಿನ ನೋಟೀಸು ತಂದ.

ಅದೇ ಹೊತ್ತಿಗೆ, ಸೆಪ್ಟೆಂಬರ್ 19ರಂದು, ಕ್ಲೇರ್ ಕೌಂಟಿಯ ಎನ್ನಿಸ್‌ನಲ್ಲಿ ಒಂದು ಸಭೆ. ಲ್ಯಾಂಡ್ ಲೀಗಿನ ಅಧ್ಯಕ್ಷ ಪಾರ್ನೆಲ್ ಮಾತಾಡುತ್ತಾ, ನೆರೆಯವನನ್ನು ಹೊರಹಾಕಿದ ಜಮೀನನ್ನು ಇನ್ನೊಬ್ಬ ರೈತ ಹೋಗಿ ಹಿಡಿದರೆ ಅವನನ್ನು ಏನು ಮಾಡ್ತೀರಿ ಅಂತ ಜನರನ್ನು ಕೇಳಿದ. ಕೊಲ್ಲಿ, ಗುಂಡು ಹೊಡೀರಿ ಅಂತ ಜನ ಕೂಗಿದರು. ಅದಕ್ಕಿಂತ ಒಳ್ಳೆ ದಾರಿ ಇದೆ ಅಂದ ಪಾರ್ನೆಲ್. ರಸ್ತೆಯಲ್ಲಿ ಸಿಕ್ಕರೆ ಮಾತಾಡಿಸಬೇಡಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿ ಕೂಡ ಅವನನ್ನು ಒಂಟಿಯಾಗಿ ಬಿಡಿ, ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನು ಬಿಟ್ಟ ಹಾಗೆ ಬಿಡಿ ಅಂತ ಹೇಳಿದ. ಒಂದು ಗಮನಿಸಿ. ಅವನು ಹೇಳಿದ್ದು ಒಡೆಯನ ಬಗ್ಗೆಯಲ್ಲ, ಒಡೆಯನ ಜೊತೆ ಸೇರಿಕೊಂಡ ರೈತನ ಬಗ್ಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರು ದಿನ ಬಿಟ್ಟು, 22ನೇ ತಾರೀಖು, ನೋಟೀಸು ಕೊಡುವವನು ಹದಿನೇಳು ಪೊಲೀಸರ ಕಾವಲಿನಲ್ಲಿ ಬಾಯ್ಕಾಟನ ಒಕ್ಕಲುಗಳ ಮನೆಗಳಿಗೆ ಹೊರಟ. ಮೂರು ಮನೆಗೆ ಕೊಟ್ಟಾಯಿತು. ಅಷ್ಟರಲ್ಲಿ ಹೆಂಗಸರು ಸೇರಿಬಿಟ್ಟರು. ಕೆಸರು, ಕಲ್ಲು, ಸಗಣಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದು ಓಡಿಸಿದರು. ಮಾರನೇ ದಿನ ಬಾಲಿನ್‌ರೋಬ್‌ನಿಂದ ಜನ ಬಂದು ಬಾಯ್ಕಾಟನ ಆಳುಗಳಿಗೆಲ್ಲ ಕೆಲಸ ಬಿಟ್ಟು ಹೊರಡಿ ಅಂದರು. ಸಂಜೆಯೊಳಗೆ ಕುದುರೆ ಲಾಯದವರು, ಹೊಲದವರು, ಮನೆಗೆಲಸದವರು ಎಲ್ಲ ಖಾಲಿ. ಕಮ್ಮಾರ ಲಾಳ ಕಟ್ಟಲ್ಲ ಅಂದ, ಬಟ್ಟೆ ಒಗೆಯುವಾಕೆ ಒಗೆಯಲ್ಲ ಅಂದಳು, ಅಂಗಡಿಯವರು ಸಾಮಾನು ಕೊಡಲ್ಲ ಅಂದರು. ಟಪಾಲು ತರಲು ಹೋದ ಹುಡುಗನನ್ನೂ ದಾರಿಯಲ್ಲಿ ತಡೆದರು. ಹೊಲದಲ್ಲಿ ಬೆಳೆ ನಿಂತಿದೆ, ಕೀಳುವವರಿಲ್ಲ.

ನಮ್ಮ ನರ್ಸಿಂಗ್ ಹೋಮಿನಲ್ಲಿ ತೊಂಬತ್ತು ದಾಟಿದ ಒಬ್ಬ ಹಿರಿಯರಿದ್ದರು, ಆ ಕಡೆಯ ರೈತರೇ. ಬೆಳಿಗ್ಗೆ ಗಡ್ಡ ಬೋಳಿಸುವಾಗ ಈ ವಿಷಯ ತೆಗೆದರೆ ಸಾಕು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಹೇಳುತ್ತಿದ್ದರು. ಬಾಯ್ಕಾಟನಿಗೆ ಯಾರೂ ಕೈ ಎತ್ತಲಿಲ್ಲ ಕಣಯ್ಯಾ, ಕೈ ಕೆಳಗಿಳಿಸಿದರು ಅಷ್ಟೆ ಅಂತ. ಅವರ ಆ ಮಾತು ನನಗೆ ಓದಿದ ಪುಸ್ತಕಗಳಿಗಿಂತ ಹೆಚ್ಚು ಅರ್ಥವಾಯಿತು.

ಬಾಯ್ಕಾಟ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ತನ್ನ ಗೋಳು ಬರೆದ. ಅಕ್ಟೋಬರ್ 18ಕ್ಕೆ ಅಚ್ಚಾಯಿತು. ಅಲ್ಲಿಂದ ದೊಡ್ಡ ಸುದ್ದಿ. ಚಂದಾ ಎತ್ತಿದರು. ಉತ್ತರದ ಕ್ಯಾವನ್ ಮತ್ತು ಮೊನಹನ್ ಕೌಂಟಿಗಳಿಂದ ಸುಮಾರು 50 ಜನ ಸ್ವಯಂಸೇವಕರು ಬೆಳೆ ಕೀಳಲು ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಜನ ಸೈನಿಕರು, ಪೊಲೀಸರು. ನವೆಂಬರ್ 11ರಂದು ಕ್ಲೇರ್‌ಮಾರಿಸ್ ಸ್ಟೇಷನ್ನಿನಲ್ಲಿ ಇಳಿದು ಮಳೆಯಲ್ಲಿ ನೆನೆಯುತ್ತಾ ಬಾಲಿನ್‌ರೋಬ್‌ಗೆ ನಡೆದರು, ಯಾಕೆಂದರೆ ಅವರಿಗೆ ಬಾಡಿಗೆ ಗಾಡಿ ಕೊಡುವವರೂ ಇರಲಿಲ್ಲ. ಊರಿನ ಪಾದ್ರಿ ಫಾದರ್ ಜಾನ್ ಒಮ್ಯಾಲಿ, ಯಾರೂ ಬೀದಿಗೆ ಬರಬೇಡಿ, ಗಲಾಟೆ ಮಾಡಬೇಡಿ ಅಂತ ಮೊದಲೇ ಹೇಳಿದ್ದರು. ಸೈನ್ಯ ಹಾದುಹೋಗುವಾಗ ಬೀದಿಯಲ್ಲಿ ಒಬ್ಬ ಮುದುಕಿ ಮಾತ್ರ ಗೋಡೆಗೆ ಒರಗಿ ನಿಂತಿದ್ದಳಂತೆ. ರಾಣಿಯ ಸೈನ್ಯವನ್ನು ಹೀಗೆ ಹೆದರಿಸಬಹುದೇನಮ್ಮಾ ಅಂತ ಫಾದರ್ ಅವಳನ್ನು ಗದರಿಸಿದರು ಎಂದು ಇಲ್ಲಿನವರು ಇಂದಿಗೂ ಹೇಳಿ ನಗುತ್ತಾರೆ.

ಎರಡು ವಾರ ಆಲೂಗಡ್ಡೆ, ಟರ್ನಿಪ್ ಎಲ್ಲ ಕಿತ್ತರು. ಬೆಳೆಯ ಬೆಲೆ ಕೆಲವು ನೂರು ಪೌಂಡು, ಖರ್ಚು ಸುಮಾರು ಹತ್ತು ಸಾವಿರ ಪೌಂಡು. ಟರ್ನಿಪ್ ಗಡ್ಡೆ ಒಂದಕ್ಕೆ ಒಂದು ಶಿಲ್ಲಿಂಗ್ ಬಿತ್ತು ಅಂತ ಪಾರ್ನೆಲ್ ಹಂಗಿಸಿದ. ನವೆಂಬರ್ ಕೊನೆಗೆ ಬಾಯ್ಕಾಟ್ ಹೆಂಡತಿ ಸಮೇತ ಹೊರಟಾಗ ಗಾಡಿ ಹೊಡೆಯಲು ಒಬ್ಬನೂ ಸಿಗದೆ ಸೈನ್ಯದ ಆಂಬುಲೆನ್ಸ್ ಗಾಡಿಯಲ್ಲಿ ಹೋದ. ಮುಂದಿನ ವರ್ಷ ವಾಪಸ್ ಬಂದ, 1886ರಲ್ಲಿ ಶಾಶ್ವತವಾಗಿ ಇಂಗ್ಲೆಂಡಿಗೆ ಹೋದ, 1897ರಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಅವನ ಹೆಸರು ಅವನದಾಗಿ ಉಳಿದಿರಲಿಲ್ಲ.

ಈಗ ನನ್ನ ಹೋಂವರ್ಕಿಗೆ ಬರೋಣ. ಈ ಹೆಸರು ಕ್ರಿಯಾಪದವಾದದ್ದು ಹೇಗೆ? ಜೇಮ್ಸ್ ರೆಡ್‌ಪಾತ್ ಅಂತ ಅಮೆರಿಕದಿಂದ ಬಂದ ಪತ್ರಕರ್ತ ಆಗ ಅಲ್ಲಿದ್ದ. ಅವನೇ ಬರೆದಿಟ್ಟ ಪ್ರಕಾರ, ಒಂದು ದಿನ ಫಾದರ್ ಒಮ್ಯಾಲಿ ಜೊತೆ ಊಟಕ್ಕೆ ಕೂತವನು ಊಟ ಮಾಡದೆ ಯೋಚಿಸುತ್ತಿದ್ದ. ಏನಯ್ಯಾ ಅಂತ ಫಾದರ್ ಕೇಳಿದರೆ, ಒಂದು ಪದ ಬೇಕಾಗಿದೆ ಅಂದ. ಭೂಮಿ ಕಬಳಿಸಿದ ರೈತನನ್ನು ದೂರ ಇಟ್ಟರೆ ಅದಕ್ಕೊಂದು ಮಾತಿದೆ, ಆದರೆ ಒಡೆಯನನ್ನೋ ಏಜೆಂಟನನ್ನೋ ಹೀಗೆ ಮಾಡಿದರೆ ಅದಕ್ಕೆ ಬೇರೆ ಪದವೇ ಬೇಕು. ‘ಆಸ್ಟ್ರಸಿಸಂ’ ಅಂದರೆ ರೈತರಿಗೆ ಅರ್ಥ ಆಗಲ್ಲ ಅಂದ. ಫಾದರ್ ಸ್ವಲ್ಪ ಹೊತ್ತು ಹಣೆ ತಟ್ಟಿಕೊಂಡು, ‘ಬಾಯ್ಕಾಟ್ ಮಾಡೋದು’ ಅಂದರೆ ಹೇಗೆ ಅಂದರು.

ಇದನ್ನು ಓದಿದಾಗ ಲೈಬ್ರರಿಯಲ್ಲಿ ಒಬ್ಬನೇ ನಕ್ಕೆ. ನನಗೆ ಕೆಂಪು ಶಾಯಿ ಬೀಳಿಸಿದ ಅದೇ ಪದ! ಅಥೆನ್ಸಿನಲ್ಲಿ ಎರಡೂವರೆ ಸಾವಿರ ವರ್ಷದ ಹಿಂದೆ, ಊರಿಗೆ ಅಪಾಯ ಅನ್ನಿಸಿದವನ ಹೆಸರನ್ನು ಜನ ಮಡಕೆಯ ಬೋಕಿಯ ಮೇಲೆ ಗೀಚಿ ಹಾಕುತ್ತಿದ್ದರು, ಹೆಚ್ಚು ಬೋಕಿ ಬಿದ್ದವನು ಹತ್ತು ವರ್ಷ ಊರು ಬಿಡಬೇಕಿತ್ತು. ಆ ಬೋಕಿಗೆ ಗ್ರೀಕಿನಲ್ಲಿ ಇರುವ ಹೆಸರಿನಿಂದ ಬಂದ ಪದ ಅದು. ಮೇಯೋದ ರೈತನಿಗೆ 1880ರಲ್ಲಿ ಅರ್ಥವಾಗದ ಪದ ಸಿದ್ದಾಪುರದ ನನಗೂ ಅರ್ಥವಾಗಲಿಲ್ಲ ಅಂದರೆ ನಾಚಿಕೆಯೇನಿಲ್ಲ ಬಿಡಿ.

ಟೈಮ್ಸ್ ಪತ್ರಿಕೆ ನವೆಂಬರಿನೊಳಗೆ ಆ ಪದವನ್ನು ಕ್ರಿಯಾಪದವಾಗಿ ಬಳಸಿತು. ಮುಂದೆ ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ, ಎಲ್ಲರೂ ಅದನ್ನು ಹಾಗ್ಹಾಗೇ ತಗೊಂಡರು. ನಾವು ಮಾತ್ರ ಬರವಣಿಗೆಗೆ ಬಂದಾಗ ಹಳೆಯ ಮಡಕೆಗೇ ಹೊಸ ನೀರು ಹಾಕಿದೆವು. 1905ರಲ್ಲಿ ಬಂಗಾಳದ ವಿಭಜನೆ ವಿರುದ್ಧ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದೇಶಿ ಮಾಲಿನ ಬಾಯ್ಕಾಟ್ ಠರಾವು ಆಯಿತು. ತಿಲಕರು ಅದನ್ನು ಸ್ವರಾಜ್ಯ, ಸ್ವದೇಶಿ, ರಾಷ್ಟ್ರೀಯ ಶಿಕ್ಷಣದ ಜೊತೆ ಸೇರಿಸಿ ‘ಬಹಿಷ್ಕಾರ’ ಅಂದರು. ಧಾರವಾಡ, ಬೆಳಗಾವಿ, ಕಾರವಾರ ಎಲ್ಲ ಆಗ ಮುಂಬೈ ಪ್ರಾಂತ್ಯ, ಪುಣೆಯ ಮಾತು ನಮಗೆ ಬೇಗ ಮುಟ್ಟುತ್ತಿತ್ತು.

ತೊಂದರೆ ಏನೆಂದರೆ, ‘ಬಹಿಷ್ಕಾರ’ ಖಾಲಿ ಮಡಕೆಯಲ್ಲ. ಅದರಲ್ಲಿ ಮೊದಲೇ ಬೇರೆ ಏನೋ ಇತ್ತು. ಜಾತಿಯಿಂದ ಹೊರಗೆ, ಊರಿಂದ ಹೊರಗೆ, ಬೆಂಕಿ ನೀರು ಇಲ್ಲ, ಹೊಕ್ಕುಬಳಕೆ ಇಲ್ಲ. ಆ ಠರಾವಿನಿಂದ ಇಪ್ಪತ್ತು ವರ್ಷ ಆಗುವುದರೊಳಗೆ ಅಂಬೇಡ್ಕರರು ಅದೇ ಪದದ ಇನ್ನೊಂದು ತುದಿ ಹಿಡಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ, 1927ರಲ್ಲಿ ‘ಬಹಿಷ್ಕೃತ ಭಾರತ’ ಪತ್ರಿಕೆ. ಅವರಿದ್ದ ಸರ್ಕಾರಿ ಸಮಿತಿಯೊಂದು ಮುಂಬೈ ಪ್ರಾಂತ್ಯದಲ್ಲಿ ವಿಚಾರಣೆ ಮಾಡಿ 1930ರಲ್ಲಿ ಕೊಟ್ಟ ವರದಿಯಲ್ಲಿ, ಹಕ್ಕು ಕೇಳಿದ ದಲಿತರ ಮೇಲೆ ಊರಿನವರು ಹೂಡುವ ದೊಡ್ಡ ಆಯುಧವೇ ಸಾಮಾಜಿಕ ಬಹಿಷ್ಕಾರ ಅಂತ ಇದೆ. ಕೂಲಿ ಇಲ್ಲ, ಅಂಗಡಿ ಇಲ್ಲ, ದಾರಿ ಇಲ್ಲ. ಬಾಯ್ಕಾಟನಿಗೆ ಆದದ್ದೇ, ಆದರೆ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು ಅನ್ನೋದು ಪೂರ್ತಿ ತಿರುವುಮುರುವು.

ಇದು ನನಗೆ ಪುಸ್ತಕದಿಂದ ಗೊತ್ತಾದ ವಿಷಯ ಅಲ್ಲ. ನಮ್ಮ ಮನೆಗೂ ಬಹಿಷ್ಕಾರ ಹಾಕಿದ್ದರು.

1987. ನನಗೆ ಎಂಟು ವರ್ಷ. ನಮ್ಮ ಚಿಕ್ಕಪ್ಪ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿ ಮನೆಗೆ ಕರೆತಂದರು. ಊರಿನವರು ಸಭೆ ಸೇರಿದರು. ನಮ್ಮ ಮನೆಗೆ ಯಾರೂ ಹೋಗಬಾರದು, ನಾವು ಯಾರ ಮನೆಗೂ ಹೋಗಬಾರದು, ಮಾತಾಡಿಸಿದವರಿಗೆ 25 ರೂಪಾಯಿ ದಂಡ. ಅಂಗಡಿಯಲ್ಲಿ ಸೀಮೆಎಣ್ಣೆ ಕೊಡಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಬೇರೆ ಕಡೆ ಹೋಗಿ ಕೂತ. ಅದು ನವೆಂಬರ್, ಗದ್ದೆ ಕೊಯ್ಲಿನ ಕಾಲ. ನಮ್ಮ ಕಡೆ ಮುಯ್ಯಾಳು ಪದ್ಧತಿ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಒಬ್ಬರೂ ಬರಲಿಲ್ಲ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಹೊಸ ಚಿಕ್ಕಮ್ಮ, ನಾವು ಮಕ್ಕಳು ಸೇರಿ ಕೊಯ್ದೆವು. ಅರ್ಧ ಆಗುವಷ್ಟರಲ್ಲಿ ಮಳೆ ಬಂದು ಉಳಿದದ್ದು ಗದ್ದೆಯಲ್ಲೇ ಮೊಳಕೆ ಬಂತು.

ಬಾಯ್ಕಾಟನ ಟರ್ನಿಪ್ ಕೀಳಲು ಸಾವಿರ ಜನ ಬಂದರು. ನಮ್ಮ ಭತ್ತಕ್ಕೆ ಯಾವ ಸರ್ಕಾರವೂ ಬರಲಿಲ್ಲ.

ಇನ್ನೂ ಒಂದು ಮಾತು. ಆ ಗದ್ದೆ 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಹಾಕಿ ಅಜ್ಜನಿಗೆ ಸಿಕ್ಕಿದ್ದು. ಒಡೆಯರ ವಿರುದ್ಧ ಅರ್ಜಿ ಹಾಕುವಾಗ ಊರಿನ ಒಕ್ಕಲುಗಳೆಲ್ಲ ಒಟ್ಟಿಗೆ ಇದ್ದರು. ಹದಿಮೂರು ವರ್ಷದ ಮೇಲೆ ಅವರೇ ನಮ್ಮನ್ನು ಹೊರಗಿಟ್ಟರು. ನಮ್ಮ ತಾಲ್ಲೂಕಿಗೆ ಬಹಿಷ್ಕಾರದ ಒಳ್ಳೆಯ ಮುಖವೂ ಗೊತ್ತಿತ್ತು. 1930ರ ದಶಕದ ಕರನಿರಾಕರಣೆಯಲ್ಲಿ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿದ ಜಮೀನನ್ನು ಕೊಂಡವರ ಮನೆ ಬಾಗಿಲಲ್ಲಿ ಸಿದ್ದಾಪುರದ ಹೆಂಗಸರು ಸತ್ಯಾಗ್ರಹ ಕೂತಿದ್ದರು. ಎನ್ನಿಸ್‌ನಲ್ಲಿ ಪಾರ್ನೆಲ್ ಹೇಳಿದ್ದೂ ಅಂಥವರ ಬಗ್ಗೆಯೇ ಅಲ್ಲವೇ? ಅಜ್ಜಿ ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ನಮಗಾದದ್ದರ ಬಗ್ಗೆ ಕೇಳಿದರೆ ಮಾತ್ರ, ‘ಅದೆಲ್ಲ ಎಂತಕೆ ಈಗ ತಮಾ’ ಅಂತ ಎದ್ದು ಹೋಗುತ್ತಿದ್ದಳು. ಎರಡು ವರ್ಷದ ಮೇಲೆ ಅಪ್ಪ ದಂಡ ಕಟ್ಟಿ, ದೇವರಿಗೆ ತಪ್ಪುಕಾಣಿಕೆ ಹಾಕಿ ಒಳಗೆ ಸೇರಿದರು. ಚಿಕ್ಕಪ್ಪ ಅಷ್ಟರಲ್ಲಿ ಮುಂಬೈಗೆ ಹೋಗಿದ್ದರು, ಮತ್ತೆ ಬರಲಿಲ್ಲ.

ಇದನ್ನೆಲ್ಲ ಯೋಚಿಸುವಾಗ ನನ್ನ ಗಮನಕ್ಕೆ ಬಂದದ್ದು ನಮ್ಮ ಭಾಷೆಯ ಒಂದು ಸಣ್ಣ ಸಂಗತಿ. ಕನ್ನಡ ಪತ್ರಿಕೆ ತೆಗೆದು ನೋಡಿ. ‘ರಸ್ತೆ ಇಲ್ಲದ ಕಾರಣ ಗ್ರಾಮಸ್ಥರು ಮತದಾನ ಬಹಿಷ್ಕರಿಸಿದರು’ ಅಂತ ಇರುತ್ತೆ. ‘ಅಂತರ್ಜಾತಿ ವಿವಾಹ: ಕುಟುಂಬಕ್ಕೆ ಬಹಿಷ್ಕಾರ ಹಾಕಿದ ಗ್ರಾಮಸ್ಥರು’ ಅಂತಲೂ ಇರುತ್ತೆ. ಒಂದು ಕಡೆ ‘ಬಹಿಷ್ಕರಿಸು’, ಇನ್ನೊಂದು ಕಡೆ ‘ಬಹಿಷ್ಕಾರ ಹಾಕು’. ದಂಡ ಹಾಕು, ಬೀಗ ಹಾಕು, ಕೈಕೋಳ ಹಾಕು ಅಂತೀವಲ್ಲ, ಆ ಹಾಕು. ಮೇಲಿನವನು ಕೆಳಗಿನವನಿಗೆ, ಹತ್ತು ಜನ ಒಬ್ಬನಿಗೆ. ಮೊದಲನೆಯದು ನಾವು ನಮ್ಮ ಪಾಲನ್ನು ಹಿಂದಕ್ಕೆ ತಗೊಳ್ಳೋದು. ಎರಡನೆಯದು ಇನ್ನೊಬ್ಬರ ಮೇಲೆ ಹೇರೋದು. ಇದು ಕಟ್ಟುನಿಟ್ಟಾದ ವ್ಯಾಕರಣವೇನಲ್ಲ, ಪತ್ರಿಕೆಯವರು ಅದಲುಬದಲು ಮಾಡೋದೂ ಉಂಟು. ಆದರೂ ‘ಊರಿನವರು ಮತದಾನಕ್ಕೆ ಬಹಿಷ್ಕಾರ ಹಾಕಿದರು’ ಅಂದರೆ ನನ್ನ ಕಿವಿಗೆ ಎಲ್ಲೋ ತಡೆಯುತ್ತೆ. ಹಾಗೆ ನೋಡಿದರೆ ಮೇಯೋದವರು ಬಾಯ್ಕಾಟನಿಗೆ ಬಹಿಷ್ಕಾರ ‘ಹಾಕಲಿಲ್ಲ’. ಸೈನ್ಯ, ಕೋರ್ಟು, ಪತ್ರಿಕೆ ಎಲ್ಲ ಅವನ ಕಡೆ ಇದ್ದವು. ಇವರ ಹತ್ತಿರ ಇದ್ದದ್ದು ತಮ್ಮ ಕೈ, ಅದನ್ನು ಕೆಳಗಿಳಿಸಿದರು.

ಪೂರ್ತಿ ನಿಜ ಹೇಳಬೇಕೆಂದರೆ ಅಲ್ಲೂ ಎಲ್ಲರೂ ಖುಷಿಯಿಂದ ಕೈ ಇಳಿಸಲಿಲ್ಲ. ಬಟ್ಟೆ ಒಗೆಯುವಾಕೆಗೂ ಕಮ್ಮಾರನಿಗೂ ಊರಿನ ಹೆದರಿಕೆ ಇತ್ತು. ಒಮ್ಮೆ ಕಲಿತ ಆಟ ಎತ್ತ ಬೇಕಾದರೂ ತಿರುಗುತ್ತೆ ಅನ್ನೋದಕ್ಕೆ ಲಿಮರಿಕ್ ಸಾಕ್ಷಿ. 1904ರ ಜನವರಿಯಲ್ಲಿ ಅಲ್ಲಿನ ಫಾದರ್ ಜಾನ್ ಕ್ರೇ ಎಂಬ ಪಾದ್ರಿ, ಯೆಹೂದಿಗಳ ಜೊತೆ ವ್ಯಾಪಾರ ಬಿಡಿ ಅಂತ ಪ್ರವಚನ ಮಾಡಿದ. ಲಿಥುವೇನಿಯಾದಿಂದ ವಲಸೆ ಬಂದು, ಮನೆಮನೆಗೆ ಬಟ್ಟೆ ಸಾಮಾನು ಹೊತ್ತು ವಾರದ ಕಂತಿನಲ್ಲಿ ಮಾರಿ ಬದುಕುತ್ತಿದ್ದ ಕೆಲವೇ ಕುಟುಂಬಗಳು ಅವು. ಗಿರಾಕಿ ನಿಂತಿತು, ಬಾಕಿ ಬರಲಿಲ್ಲ, ಬೀದಿಯಲ್ಲಿ ಕಲ್ಲು ಬಿತ್ತು. ಹಲವರು ಊರು ಬಿಟ್ಟರು. ಎಲ್ಲರೂ ಅದನ್ನು ಬಾಯ್ಕಾಟ್ ಅಂತಲೇ ಕರೆದರು. ಆಗ ಅದರ ವಿರುದ್ಧ ಪತ್ರಿಕೆಗೆ ಬರೆದು ಗಟ್ಟಿಯಾಗಿ ಮಾತಾಡಿದವನು ಯಾರು ಗೊತ್ತಾ? ಅದೇ ಮೈಕೆಲ್ ಡ್ಯಾವಿಟ್. ಆ ಆಯುಧವನ್ನು ಮಾಡಿದವರಲ್ಲಿ ಒಬ್ಬನಾದ ಅವನಿಗೆ ಅದು ಎತ್ತ ತಿರುಗಿದೆ ಅಂತ ಗುರುತಿಸಲು ಒಂದು ವಾರವೂ ಬೇಕಾಗಲಿಲ್ಲ. 1957ರಲ್ಲಿ ವೆಕ್ಸ್‌ಫರ್ಡ್‌ನ ಫೆಥರ್ಡ್-ಆನ್-ಸೀ ಎಂಬ ಊರಿನಲ್ಲಿ ಒಂದು ಮಿಶ್ರ ಮದುವೆಯ ಜಗಳದಿಂದ ಪ್ರಾಟೆಸ್ಟೆಂಟರ ಅಂಗಡಿಗಳಿಗೆ ಹೀಗೇ ಆದಾಗ ಪ್ರಧಾನಿ ಡಿ ವಲೇರಾ ಸಂಸತ್ತಿನಲ್ಲೇ ಅದನ್ನು ಖಂಡಿಸಿದರು. ಮಿಶ್ರ ಮದುವೆ! ಓದುವಾಗ ಚಿಕ್ಕಮ್ಮನ ಮುಖ ಕಣ್ಣೆದುರು ಬಂತು.

ಇನ್ನೊಂದು ಕಡೆ 1984ರ ಜುಲೈ 19. ಡಬ್ಲಿನ್‌ನ ಹೆನ್ರಿ ಸ್ಟ್ರೀಟಿನ ಡನ್ಸ್ ಸ್ಟೋರ್ಸ್‌ನಲ್ಲಿ ಕ್ಯಾಶ್ ಕೌಂಟರಿನ ಹುಡುಗಿ ಮೇರಿ ಮ್ಯಾನಿಂಗ್, ದಕ್ಷಿಣ ಆಫ್ರಿಕಾದ ಗ್ರೇಪ್‌ಫ್ರೂಟ್, ಅಂದರೆ ನಮ್ಮ ಚಕ್ಕೋತದ ತಮ್ಮ ಅನ್ನಿ, ಅದನ್ನು ಬಿಲ್ ಮಾಡಲ್ಲ ಅಂದಳು. ವರ್ಣಭೇದದ ದೇಶದ ಮಾಲು ಮುಟ್ಟಬಾರದು ಅಂತ ಯೂನಿಯನ್ ಹೇಳಿತ್ತು. ಕೆಲಸದಿಂದ ಕೂರಿಸಿದರು. ಜೊತೆಯವರೂ ಹೊರಬಂದರು, ಎಲ್ಲ ಸೇರಿ ಬೆರಳೆಣಿಕೆಯ ಜನ, ಹೆಚ್ಚಿನವರು ಹುಡುಗಿಯರು. ಸುಮಾರು ಮೂರು ವರ್ಷ ಮಳೆ ಚಳಿಯಲ್ಲಿ ಬೀದಿಯಲ್ಲಿ ನಿಂತರು. 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಯ ಆಮದನ್ನೇ ನಿಲ್ಲಿಸಿತು. ನಮ್ಮ ಗದ್ದೆಯಲ್ಲಿ ಭತ್ತ ಮೊಳಕೆ ಬಂದ ಅದೇ ವರ್ಷ. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ವಾಕ್ಯ ಬಾಕಿ ಇದೆ, ಅದನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದರೆ ಸುಳ್ಳಾಗುತ್ತೆ.

ಕಳೆದ ಚಳಿಗಾಲ ನಾವು ಐದು ಜನ ಕನ್ನಡದವರು ಒಂದು ಬಾಡಿಗೆ ಮನೆಯಲ್ಲಿದ್ದೆವು. ನಮ್ಮನ್ನು ಕರೆಸಿದ ಏಜೆಂಟ್ ಪ್ರತಿ ತಿಂಗಳು ಸಂಬಳದಲ್ಲಿ ಒಂದು ಮೊತ್ತ ಮುರಿದುಕೊಳ್ಳುವ ಹಾಗೆ ಮಾಡಿದ್ದ. ಕೆಲಸಕ್ಕೆ ಸೇರಿಸಿದ ಖರ್ಚನ್ನು ಸಂಬಳದಲ್ಲಿ ಮುರಿಯುವುದು ಇಲ್ಲಿನ ಕಾನೂನಿಗೆ ವಿರುದ್ಧ, ಇದನ್ನು ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಅದನ್ನು ತಿಳಿದುಕೊಂಡು ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್‌ಗೆ ದೂರು ಕೊಟ್ಟ. ಏಜೆಂಟ್ ನನಗೆ ಫೋನ್ ಮಾಡಿ, ನೀವು ದೊಡ್ಡವರು, ಆ ಹುಡುಗನಿಗೆ ಬುದ್ಧಿ ಹೇಳಿ, ಇವನಿಂದ ನಿಮ್ಮೆಲ್ಲರ ಪರ್ಮಿಟ್ ರಿನ್ಯೂವಲ್‌ಗೂ ತೊಂದರೆ ಆಗಬಾರದು ನೋಡಿ ಅಂದ. ಹೆದರಿದೆವು. ಮನೆಯಲ್ಲಿ ಸಾಲ, ಮಕ್ಕಳ ಫೀಸು. ಅವನನ್ನು ವಾಟ್ಸಾಪ್ ಗುಂಪಿನಿಂದ ತೆಗೆದೆವು. ಅನ್ನಕ್ಕೆ ಇಡುವಾಗ ನಾಲ್ಕು ಲೋಟ ಅಕ್ಕಿ ಇಟ್ಟೆವು, ಐದು ಇಡಲಿಲ್ಲ. ಡ್ಯೂಟಿಗೆ ಕಾರಿನಲ್ಲಿ ಸೇರಿಸಿಕೊಳ್ಳಲಿಲ್ಲ, ಮಳೆಯಲ್ಲಿ ಸೈಕಲ್ ತುಳಿದು ಹೋದ. ಐದು ವಾರ. ಅಕ್ಕಿ ಅಳೆದವನು ನಾನೇ, 1987ರಲ್ಲಿ ಶಾಲೆಯಲ್ಲಿ ಒಬ್ಬನೇ ಕೂತವನು.

ಅವನು ಗಾಲ್ವೇಗೆ ಬೇರೆ ಕೆಲಸ ಹುಡುಕಿಕೊಂಡು ಹೋದ. ಆಮೇಲೆ ಅವನ ದೂರು ಇತ್ಯರ್ಥವಾಗಿ ಮುರಿದ ಹಣ ವಾಪಸ್ ಬಂತು. ನಮ್ಮ ಪರ್ಮಿಟ್‌ಗೆ ಏನೂ ಆಗಲಿಲ್ಲ. ನಾವೂ ದೂರು ಕೊಟ್ಟೆವು, ಅವನು ಬರೆದ ಅರ್ಜಿಯನ್ನೇ ಮಾದರಿಯಾಗಿ ಕೇಳಿ ತಗೊಂಡು. ಕೊಟ್ಟ. ಬೈಯಲಿಲ್ಲ.

ಟೀಚರಮ್ಮನಿಗೆ ನಾನು ಕೊನೆಗೆ ಸರಿಯಾದ ವಾಕ್ಯವೊಂದನ್ನು ಬರೆದು ತೋರಿಸಿದೆ, ಕೋರ್ಸ್ ಮುಗಿದು ಬಹಳ ದಿನ ಆದ ಮೇಲೆ. ಕನ್ನಡದಲ್ಲಿ ಹೇಳಬೇಕೆಂದರೆ, ‘ನಾವು ನಾಲ್ಕು ಜನ ಸೇರಿ ನಮ್ಮ ಮನೆಯ ಹುಡುಗನಿಗೆ ಬಹಿಷ್ಕಾರ ಹಾಕಿದೆವು.’ ಅವರು ಓದಿ ಏನೂ ಹೇಳಲಿಲ್ಲ, ಪಕ್ಕದಲ್ಲಿ ಸರಿ ಗುರುತು ಹಾಕಿದರು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಆ ಹುಡುಗನಿಗೆ ಕಳಿಸಿ, ನಿನ್ನ ವಿಷಯ ಬರೆಯಬಹುದಾ ಅಂತ ಕೇಳಿದ್ದೆ. ಬರೀರಿ ಅಣ್ಣ, ಹೆಸರು ಬೇಡ ಅಂದ. ನಾನು ಮೂರು ವಾರ ಅಂತ ಬರೆದಿದ್ದೆ, ಅವನು ಅದನ್ನು ಐದು ವಾರ ಅಂತ ತಿದ್ದಿ ಕಳಿಸಿದ. ಮೇಲೆ ಹಾಗೇ ಇದೆ.